ಐಸ್‌ಬ್ರೇಕರ್‌ಗಳಿಗೆ ವಿಜ್ಞಾನಿಗಳ ಸಲಹಾ ಗುಂಪು: ಕರಡು ನನ್ನ ತಲೆಗೆ ಬಿದ್ದಿದೆ, ದಾರಿ ಹೇಳಿ

ಉಪ್ಪುನೀರು:

ನಾನು ಕಡಲ ರಸಾಯನದವಳು. ನೀರಲ್ಲಿ ಇಂಗಾಲ ಎಷ್ಟು ಕರಗಿದೆ ಅಂತ ಅಳೆಯುವುದು ನನ್ನ ಕೆಲಸ. ಹಡಗು ಕಟ್ಟುವುದು, ನಡೆಸುವುದು ನನಗೆ ಗೊತ್ತಿಲ್ಲ. ಆದರೆ ಕಳೆದ ತಿಂಗಳು ಒಂದು ಸಭೆಯಲ್ಲಿ ಬಾಯಿ ಬಿಟ್ಟು ಕೆಟ್ಟೆ. "ಧ್ರುವಕ್ಕೆ ಹೋಗುವ ಹಡಗಿನ ಬಗ್ಗೆ ಬಳಸುವವರನ್ನು ಯಾರೂ ಕೇಳುವುದೇ ಇಲ್ಲ" ಅಂದೆ. ಸರಿ, ಹಾಗಾದರೆ ವಿಜ್ಞಾನಿಗಳ ಒಂದು ಸಲಹಾ ಗುಂಪು ಮಾಡೋಣ, ಎರಡು ಪುಟದ ಕರಡು ನೀವೇ ಬರೆದುಕೊಡಿ ಅಂದರು. ಮಾತು ಆಡಿದರೆ ಹೋಯಿತು ಅನ್ನುತ್ತಾರಲ್ಲ, ಹಾಗಾಯಿತು.

ಐಸ್‌ಬ್ರೇಕರ್, ಅಂದರೆ ಐಸ್ ಒಡೆದುಕೊಂಡು ಹೋಗುವ ಹಡಗು, ಎರಡಿವೆ. ಒಂದಕ್ಕೆ ಮೂವತ್ತು ದಾಟಿದೆ. ಇನ್ನೊಂದು ಇನ್ನೂ ನಕ್ಷೆಯಲ್ಲೇ ಇದೆ. ನಡೆಸುವ ಇಲಾಖೆ ಬೇರೆ, ದುಡ್ಡು ಕೊಡುವವರು ಬೇರೆ, ಬಳಸುವವರು ನಾವು. ಮೂವರೂ ಒಂದೇ ಕೋಣೆಯಲ್ಲಿ ಕೂತಿದ್ದನ್ನು ನಾನು ಎರಡೇ ಸಲ ನೋಡಿದ್ದೇನೆ. ದೇಶ, ಸಂಸ್ಥೆಯ ಹೆಸರು ಹೇಳುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ಕೇಳಬೇಕಾದದ್ದು ಇಷ್ಟು. ಗುಂಪಲ್ಲಿ ಯಾರಿರಬೇಕು? ಯಾವ ಯಾನಕ್ಕೆ ಹಡಗು ಕೊಡಬೇಕು ಅನ್ನುವುದನ್ನು ಈ ಗುಂಪೇ ತೀರ್ಮಾನಿಸಬೇಕಾ? ಹೊಸ ಹಡಗಿನ ವಿಷಯದಲ್ಲಿ ಯಾವಾಗ ಬಾಯಿ ಹಾಕಬೇಕು?

ನನ್ನ ಸಿಟ್ಟಿನ ಮೂಲವನ್ನೂ ಹೇಳಿಬಿಡುತ್ತೇನೆ. ನಾನು ಐಸಿಗೆ ಹೋಗಿದ್ದು ಒಂದೇ ಸಲ, ಆರು ವಾರ. ಅದರಲ್ಲಿ ಒಂಬತ್ತು ದಿನ ಲ್ಯಾಬಿಗೆ ಕಡಲನೀರು ತರುವ ಪೈಪಿಗೆ ಐಸಿನ ಚೂರು ತುಂಬಿಕೊಂಡು ನನ್ನ ಯಂತ್ರ ನಿಂತೇ ಇತ್ತು. ವಾಪಸ್ ಬಂದು ವರದಿ ಕೊಟ್ಟೆ, ನಾಲ್ಕು ಪುಟ, ಫೋಟೋ ಸಮೇತ. ಮುಂದಿನ ವರ್ಷ ಹೋದ ಗೆಳತಿಗೂ ಅದೇ ಪೈಪು, ಅದೇ ಐಸು. ನನ್ನ ವರದಿ ಯಾರ ಕಪಾಟಲ್ಲಿ ಇದೆಯೋ!

ದಡದವ:

ಇನ್ನೊಂದು ಕಮಿಟಿನಾ? ನಾನು ಇಂಥ ಎರಡು ಗುಂಪಲ್ಲಿ ಇದ್ದವನು. ಒಂದು ವರ್ಷಕ್ಕೊಮ್ಮೆ ಸೇರುತ್ತಿತ್ತು, ಹೋದ ಸಲದ ನಡಾವಳಿ ಓದುತ್ತಿತ್ತು, ಎದ್ದು ಹೋಗುತ್ತಿತ್ತು. ಇನ್ನೊಂದು ಮೊದಲ ಸಭೆಯಲ್ಲಿ ತನ್ನ ಹೆಸರು ಏನಿರಬೇಕು ಅಂತ ಜಗಳ ಆಡಿತು, ಎರಡನೇ ಸಭೆ ನಡೆಯಲೇ ಇಲ್ಲ. ಒಳ್ಳೆ ಮುಖ್ಯ ವಿಜ್ಞಾನಿ, ಒಳ್ಳೆ ಕ್ಯಾಪ್ಟನ್ ಇಬ್ಬರಿಗೂ ಮಾತು ಹೊಂದಿದರೆ ಸಾಕಪ್ಪ. ಉಳಿದದ್ದೆಲ್ಲ ಕಾಗದ. ಗುಂಪು ಕಟ್ಟಿದ ಮಾತ್ರಕ್ಕೆ ಐಸ್ ಒಡೆಯುತ್ತಾ?

ವಿಂಚ್‌ಮನೆ:

ದಡದವರೇ, ಕ್ಯಾಪ್ಟನ್ ಮತ್ತು ಮುಖ್ಯ ವಿಜ್ಞಾನಿ ಹೊಂದಿಕೊಂಡರೆ ಆ ಒಂದು ಯಾನ ಚೆನ್ನಾಗಿ ಆಗುತ್ತದೆ. ಒಪ್ಪಿದೆ. ಮುಂದಿನ ಯಾನಕ್ಕೆ ಕ್ಯಾಪ್ಟನ್ ಬೇರೆ, ವಿಜ್ಞಾನಿ ಬೇರೆ. ಕಲಿತದ್ದು ಇಬ್ಬರ ಜೊತೆಗೇ ಇಳಿದು ಮನೆಗೆ ಹೋಗುತ್ತದೆ. ಉಪ್ಪುನೀರು ಅವರ ಪೈಪಿನ ಕಥೆ ಅದೇ ಅಲ್ವಾ?

ನಾನು ವಿಜ್ಞಾನಿ ಅಲ್ಲ, ಟೆಕ್ನೀಷಿಯನ್. ಹನ್ನೊಂದು ಯಾನ ಆಗಿದೆ. ಏಳು ಉತ್ತರಕ್ಕೆ, ನಾಲ್ಕು ದಕ್ಷಿಣಕ್ಕೆ. ಸಿಟಿಡಿ ಇಳಿಸುವುದು, ಏರಿಸುವುದು ನನ್ನ ಬದುಕು. ಗೊತ್ತಿಲ್ಲದವರಿಗೆ: ಅದು ಉಪ್ಪಿನಂಶ, ಉಷ್ಣತೆ, ಆಳ ಅಳೆಯುವ ಯಂತ್ರ. ಸುತ್ತ ಒಂದು ದೊಡ್ಡ ಚೌಕಟ್ಟು, ಅದರಲ್ಲಿ ನೀರು ಹಿಡಿಯುವ ಇಪ್ಪತ್ತನಾಲ್ಕು ಬಾಟಲಿ. ಉಕ್ಕಿನ ತಂತಿಗೆ ಕಟ್ಟಿ ಸಾವಿರಾರು ಮೀಟರ್ ಕೆಳಗೆ ಬಿಡುತ್ತೇವೆ. ಆ ತಂತಿ ಬಿಡುವ, ಸುತ್ತುವ ಯಂತ್ರವೇ ವಿಂಚು.

ನನ್ನ ಎರಡನೇ ಯಾನದ ಹಡಗಲ್ಲಿ (ಹೆಸರು ಬೇಡ) ಈ ಚೌಕಟ್ಟನ್ನು ಇಡೋಕೆ ಅಂತಲೇ ಒಂದು ಬೆಚ್ಚಗಿನ ಕೋಣೆ ಮಾಡಿದ್ದರು. ಬಾಗಿಲು ಚೌಕಟ್ಟಿಗಿಂತ ನಾಲ್ಕು ಬೆರಳು ಕಿರಿದು. ಹೌದು, ನಾಲ್ಕೇ ಬೆರಳು. ಹಾಗಾಗಿ ಮೈನಸ್ 22 ಡಿಗ್ರಿಯಲ್ಲಿ ಚೌಕಟ್ಟು ಹೊರಗೆ ತೆರೆದ ಡೆಕ್ಕಿನ ಮೇಲೇ ನಿಂತಿತ್ತು. ಕಡಲನೀರು ಹೆಪ್ಪುಗಟ್ಟುವುದು ಸುಮಾರು ಮೈನಸ್ 1.8ಕ್ಕೆ. ನೀರಿಂದ ಎತ್ತಿ ಎರಡು ನಿಮಿಷ ಆಗಿರಲಿಲ್ಲ, ಬಾಟಲಿಯ ನಲ್ಲಿಗಳು ಕಲ್ಲಾದವು. ಉಪ್ಪು ಅಳೆಯುವ ಗಾಜಿನ ಕೊಳವೆಯ ಒಳಗೆ ಉಳಿದಿದ್ದ ನೀರು ಹಿಗ್ಗಿ ಕೊಳವೆ ಸೀಳಿತು. ಬದಲಿ ಒಂದೇ ಇತ್ತು. ಮೂರನೇ ದಿನ ಅದೂ ಹೋಯಿತು. ಆಮೇಲೆ ಇಡೀ ಯಾನ ನಾವು ಕೂದಲು ಒಣಗಿಸುವ ಯಂತ್ರ ಹಿಡಿದುಕೊಂಡು ಡೆಕ್ಕಲ್ಲಿ ನಿಂತೆವು. ಆ ಬಾಗಿಲಿನ ತಪ್ಪು ಹಿಡಿಯೋಕೆ ಪಿಎಚ್‌ಡಿ ಬೇಡ, ಅಳತೆ ಟೇಪ್ ಸಾಕು. ನಕ್ಷೆ ಇದ್ದಾಗ ಟೇಪ್ ಹಿಡಿದು ನೋಡುವವರನ್ನು ಯಾರೂ ಕರೆದಿರಲಿಲ್ಲ, ಅಷ್ಟೇ.

ಆದ್ದರಿಂದ ನಿಮ್ಮ ಮೂರನೇ ಪ್ರಶ್ನೆಗೆ ಮೊದಲು ಉತ್ತರ. ಉಕ್ಕು ಕತ್ತರಿಸುವ ಮೊದಲು. ಆಮೇಲೆ ಹೇಳಿದ್ದೆಲ್ಲ ದುಬಾರಿ ಗೊಣಗಾಟ.

ನಿಮ್ಮ ಕರಡಿಗೆ ಹತ್ತಿರದ ಮಾದರಿ ಅಂದರೆ ಅಮೆರಿಕದ ಹೀಲಿ. ಅದು ಕೋಸ್ಟ್ ಗಾರ್ಡಿನ ಹಡಗು, 1999ರಲ್ಲಿ ಅವರ ಕೈಗೆ ಬಂತು. ನಾಲ್ಕೂವರೆ ಅಡಿ ದಪ್ಪದ ಐಸನ್ನು 3 ನಾಟ್ ವೇಗದಲ್ಲಿ ಒಡೆದುಕೊಂಡು ಹೋಗುತ್ತದೆ. ಸುಮಾರು 50 ವಿಜ್ಞಾನಿಗಳಿಗೆ ಜಾಗ ಇದೆ. ಅಲ್ಲಿ ಯುನೋಲ್ಸ್ ಅಂತ ಒಂದು ಒಕ್ಕೂಟ ಇದೆ, ವಿಶ್ವವಿದ್ಯಾಲಯಗಳ ಸಂಶೋಧನಾ ಹಡಗುಗಳನ್ನು ಹೊಂದಿಸುವುದು ಅದರ ಕೆಲಸ. ಹೀಲಿ ಇನ್ನೂ ಕಟ್ಟುವ ಹಂತದಲ್ಲಿದ್ದ ತೊಂಬತ್ತರ ದಶಕದಲ್ಲೇ ಆ ಒಕ್ಕೂಟ ಒಂದು ಗುಂಪು ಮಾಡಿತು. ಆರ್ಕ್ಟಿಕ್ ಐಸ್‌ಬ್ರೇಕರ್ ಕೋಆರ್ಡಿನೇಟಿಂಗ್ ಕಮಿಟಿ ಅಂತ ಹೆಸರು. ಕೋಸ್ಟ್ ಗಾರ್ಡಿನವರಿಗೆ ಐಸ್ ಒಡೆಯುವುದು ಗೊತ್ತು, ವಿಜ್ಞಾನಿಗಳಿಗೆ ಏನು ಬೇಕು ಅಂತ ಗೊತ್ತಿಲ್ಲ. ವಿಜ್ಞಾನಿಗಳದ್ದು ಇದರ ಉಲ್ಟಾ. ನಡುವೆ ನಿಂತು ಇಬ್ಬರಿಗೂ ಮಾತು ದಾಟಿಸುವುದು ಗುಂಪಿನ ಕೆಲಸ. ಹಡಗಲ್ಲಿ ಸೇನಾ ಪದ್ಧತಿ. ಕೆಲವು ವರ್ಷಕ್ಕೊಮ್ಮೆ ಸಿಬ್ಬಂದಿ ಬದಲಾಗುತ್ತಾರೆ. ಇಂಥ ವಿಂಚು ಇಂಥ ಚಳಿಗೆ ಹಟ ಮಾಡುತ್ತದೆ ಅನ್ನುವ ನೆನಪು ಯಾರಲ್ಲಾದರೂ ಉಳಿಯಬೇಕಲ್ಲ. ಅದು ಗುಂಪಲ್ಲಿ ಉಳಿಯುತ್ತದೆ.

ನನ್ನ ಕೇಳಿದರೆ ಕರಡಿನ ಮೊದಲ ಸಾಲಲ್ಲೇ ಇದನ್ನು ಬರೆಯಿರಿ: ಈ ಗುಂಪು ಹಡಗಿನ ನೆನಪು. ವಿಜ್ಞಾನದ ದಿಕ್ಕು, ರಾಷ್ಟ್ರದ ಆದ್ಯತೆ ಅಂತೆಲ್ಲ ಬರೆದರೆ ದಡದವರು ಹೇಳಿದ ಹಾಗೆ ಆಗುತ್ತದೆ.

ಬಳಸುವವರನ್ನು ಮೊದಲೇ ಕೇಳಿದರೆ ಏನಾಗುತ್ತದೆ ಅನ್ನೋದಕ್ಕೆ ನನಗೆ ತುಂಬಾ ಇಷ್ಟವಾದ ಉದಾಹರಣೆ ಆಸ್ಟ್ರೇಲಿಯಾದ ಐಸ್‌ಬ್ರೇಕರ್ ನುಯಿನಾ. ದಕ್ಷಿಣ ಸಾಗರದಲ್ಲಿ ಕ್ರಿಲ್ ಅಂತ ಸೀಗಡಿಯಂಥ ಸಣ್ಣ ಜೀವಿ ಇದೆ. ತಿಮಿಂಗಿಲದಿಂದ ಪೆಂಗ್ವಿನ್ ತನಕ ಎಲ್ಲರ ಊಟ ಅದು. ಬಲೆ ಹಾಕಿ ಎಳೆದರೆ ಕಾಲು, ಮೀಸೆ ಎಲ್ಲ ಮುರಿದುಕೊಂಡು ಬರುತ್ತದೆ. ಜೀವಂತ ಸಾಕಿ ನೋಡಬೇಕು ಅನ್ನುವವರಿಗೆ ಅದು ಉಪಯೋಗ ಇಲ್ಲ. ಹಡಗಿನ ತಳದಿಂದಲೇ ನೀರು ಒಳಗೆ ಹರಿದು ಬಂದು ಜೀವಿಗಳನ್ನು ಮೆಲ್ಲಗೆ ಸೋಸಿಕೊಳ್ಳುವ ಒಂದು ಕೋಣೆ ಇದ್ದರೆ? ಹಾಗೆ ಬಂದದ್ದು ಅಲ್ಲಿನ 'ವೆಟ್ ವೆಲ್'. ನಿಮಿಷಕ್ಕೆ 5 ಟನ್ ತನಕ ನೀರು ಹಾಯಿಸಬಹುದು. ಕಟ್ಟಿ ಮುಗಿದ ಹಡಗಿನ ತಳಕ್ಕೆ ಇಂಥದ್ದನ್ನು ಆಮೇಲೆ ಕೊರೆದು ಕೂರಿಸೋಕೆ ಹೋಗಿ ನೋಡಿ!

ಮೂನ್‌ಪೂಲ್ ಕೂಡ ಹಾಗೇ. ಹಡಗಿನ ನಡುವೆ ತಳದವರೆಗೆ ಒಂದು ಬಾವಿ. ಹೊರಗೆ ಐಸ್ ಎಷ್ಟೇ ಇರಲಿ, ಯಂತ್ರವನ್ನು ಒಳಗಿಂದಲೇ ನೀರಿಗೆ ಇಳಿಸಬಹುದು. ನಾರ್ವೆಯ ಕ್ರೋನ್‌ಪ್ರಿನ್ಸ್ ಹೋಕನ್, ಚೀನಾದ ಶುಏಲಾಂಗ್ 2, ಬ್ರಿಟನ್ನಿನ ಸರ್ ಡೇವಿಡ್ ಅಟೆನ್‌ಬರೋ ಮೂರಲ್ಲೂ ಇದೆ. ನನ್ನಂಥವರಿಗೆ ಅದು ಸ್ವರ್ಗ. ಆದರೆ ಅದು ಲ್ಯಾಬಿನ ಜಾಗ ತಿನ್ನುತ್ತದೆ, ಒಳಗೆ ನೀರು ಕುದಿಯುವ ಹಾಗೆ ಎಗರುತ್ತದೆ, ಐಸಿನ ಚೂರು ಒಳಗೂ ಬಂದು ಸೇರಿಕೊಳ್ಳುತ್ತದೆ. ಬೇಕಾ ಬೇಡವಾ ಅಂತ ವಾದ ಆಗಲೇಬೇಕು. ವಾದ ಮಾಡುವ ಜಾಗ ಈ ಗುಂಪು.

ಇನ್ನೊಂದು, ತಳದ ಸೋನಾರ್, ಅಂದರೆ ಸದ್ದು ಕಳಿಸಿ ಪ್ರತಿಧ್ವನಿ ಕೇಳುವ ಯಂತ್ರ. ತೆರೆದ ಕಡಲಿನ ಹಡಗಲ್ಲಿ ಗುಳ್ಳೆಗಳಿಂದ ದೂರ ಇರಲಿ ಅಂತ ಸೋನಾರನ್ನು ತಳದಿಂದ ಕೆಳಗೆ ಇಳಿಸಬಹುದಾದ ಒಂದು ಹಲಗೆಗೆ (ಕೀಲ್) ಕೂರಿಸುತ್ತಾರೆ. ಐಸಿನಲ್ಲಿ ಅದನ್ನು ಇಳಿಸುವ ಹಾಗೇ ಇಲ್ಲ, ಮುರಿದುಹೋಗುತ್ತದೆ. ತಳಕ್ಕೆ ಸಮವಾಗಿ ಕೂರಿಸಿ ಗಟ್ಟಿ ಕಿಟಕಿ ಮುಚ್ಚಬೇಕು. ಆಗ ಒಡೆದ ಐಸು ತಳಕ್ಕೆ ಉಜ್ಜಿಕೊಂಡೇ ಹೋಗುತ್ತದೆ. ಸದ್ದೋ ಸದ್ದು. ನಕ್ಷೆ ಮಾಡುವವರಿಗೆ ಒಂದು ಬೇಕು, ಮೀನಿನ ಗುಂಪು ಎಣಿಸುವವರಿಗೆ ಇನ್ನೊಂದು ಬೇಕು. ಇಬ್ಬರನ್ನೂ ಕೂರಿಸದೆ ಒಬ್ಬರನ್ನೇ ಕೇಳಿದರೆ ಇನ್ನೊಬ್ಬರು ಮೂವತ್ತು ವರ್ಷ ಶಾಪ ಹಾಕುತ್ತಾರೆ.

ಯಾರಿರಬೇಕು ಅಂದಿರಲ್ಲ. ಹತ್ತು ಜನ ದಾಟಬೇಡಿ. ಐಸಿನಲ್ಲಿ ಕನಿಷ್ಠ ಒಂದು ಯಾನ ಮಾಡದವರು ಬೇಡವೇ ಬೇಡ, ಎಷ್ಟೇ ದೊಡ್ಡ ಹೆಸರಿದ್ದರೂ. ನೀರು, ಮಣ್ಣು, ಗಾಳಿ, ಜೀವಿ, ಐಸು ಎಲ್ಲದರವರೂ ಇರಲಿ. ಒಬ್ಬ ಟೆಕ್ನೀಷಿಯನ್ ಇರಲೇಬೇಕು. ಇದು ಸ್ವಾರ್ಥ ಅಂದುಕೊಂಡರೂ ಪರವಾಗಿಲ್ಲ. ಈಗಷ್ಟೇ ಡಾಕ್ಟರೇಟ್ ಮುಗಿಸಿದ ಒಬ್ಬರಾದರೂ ಇರಲಿ, ಯಾಕೆಂದರೆ ರಾತ್ರಿ ಮೂರು ಗಂಟೆಗೆ ಡೆಕ್ಕಲ್ಲಿ ಇರುವುದು ಅವರೇ. ಪ್ರೊಫೆಸರು ಮಲಗಿರುತ್ತಾರೆ. ಹಡಗು ನಡೆಸುವವರು, ದುಡ್ಡು ಕೊಡುವವರು ಪ್ರತಿ ಸಭೆಗೂ ಬರಲಿ, ಮತ ಬೇಡ. ಮೂರು ಮೂರು ವರ್ಷದ ಅವಧಿ ಇಡಿ, ಆದರೆ ಎಲ್ಲರನ್ನೂ ಒಟ್ಟಿಗೆ ಕಳಿಸಬೇಡಿ. ಒಟ್ಟಿಗೆ ಕಳಿಸಿದರೆ ನೆನಪೂ ಒಟ್ಟಿಗೇ ಹೋಯಿತು.

ಯಾನ ಆರಿಸುವ ಕೆಲಸ ಮಾತ್ರ ಈ ಗುಂಪಿಗೆ ಕೊಡಬೇಡಿ. ಕೈಮುಗಿದು ಹೇಳುತ್ತೇನೆ.

ಉಪ್ಪುನೀರು:

ಇಷ್ಟು ವಿವರ ನಿರೀಕ್ಷೆ ಮಾಡಿರಲಿಲ್ಲ, ಋಣಿ. ಆದರೆ ಕೊನೆಯ ಮಾತು ಅರ್ಥ ಆಗಲಿಲ್ಲ. ನಮ್ಮ ಸಭೆಯಲ್ಲಿ ಎಲ್ಲರಿಗೂ ಬೇಕಾಗಿದ್ದೇ ಅದು. ಹಡಗಿನ ದಿನಗಳನ್ನು ಯಾರಿಗೆ ಹಂಚಬೇಕು ಅನ್ನುವ ಅಧಿಕಾರ ಇಲ್ಲದ ಗುಂಪಿನ ಮಾತನ್ನು ಯಾರು ಕೇಳುತ್ತಾರೆ?

ವಿಂಚ್‌ಮನೆ:

ಐಸಿಗೆ ಹೋಗಿ ಬಂದವರು ಎಷ್ಟು ಜನ ಇರುತ್ತಾರೆ ಹೇಳಿ. ಕೈಬೆರಳಲ್ಲಿ ಎಣಿಸಬಹುದು. ಗುಂಪಲ್ಲಿ ಕೂರುವವರೂ ಅವರೇ, ಹಡಗಿನ ದಿನ ಕೇಳಿ ಅರ್ಜಿ ಹಾಕುವವರೂ ಅವರೇ. ಹಂಚುವ ಅಧಿಕಾರ ಕೊಟ್ಟ ದಿನವೇ ವಿಂಚು, ಬಾಗಿಲು, ಪೈಪು ಎಲ್ಲ ಮರೆತು "ನಿನ್ನ ನಲವತ್ತು ದಿನ, ನನ್ನ ಮೂವತ್ತು ದಿನ" ಅಂತ ಶುರುವಾಗುತ್ತದೆ. ಅಮೆರಿಕದಲ್ಲಿ ಯಾವ ಸಂಶೋಧನೆಗೆ ದುಡ್ಡು ಅನ್ನುವುದನ್ನು ನ್ಯಾಷನಲ್ ಸೈನ್ಸ್ ಫೌಂಡೇಶನ್‌ನಂಥವರು ಬೇರೆ ಪರೀಕ್ಷೆ ಮಾಡಿ ತೀರ್ಮಾನಿಸುತ್ತಾರೆ. ಹೀಲಿಯ ಗುಂಪು ಅದಕ್ಕೆ ಕೈ ಹಾಕುವುದಿಲ್ಲ.

ಮಾತು ಯಾರು ಕೇಳುತ್ತಾರೆ ಅಂದರೆ, ಉತ್ತರ ಕೊಡಲೇಬೇಕು ಅಂತ ನಿಯಮ ಮಾಡಿ. ಪ್ರತಿ ಯಾನ ಮುಗಿದ ಮೇಲೆ ಏನಾಯಿತು ಅಂತ ಮುಖ್ಯ ವಿಜ್ಞಾನಿ ಒಂದು ಫಾರಂ ತುಂಬಲಿ, ಕ್ಯಾಪ್ಟನ್ ಒಂದು ತುಂಬಲಿ, ಬೇರೆ ಬೇರೆಯಾಗಿ. ಒಬ್ಬರದ್ದನ್ನು ಇನ್ನೊಬ್ಬರು ನೋಡುವ ಮೊದಲು. ಗುಂಪು ಎರಡನ್ನೂ ಓದಿ, ಇಂಥದ್ದು ಸರಿಯಾಗಬೇಕು ಅಂತ ಒಂದು ಪಟ್ಟಿ ಕೊಡಲಿ. ನಡೆಸುವ ಇಲಾಖೆ ಒಂದೊಂದು ಸಾಲಿಗೂ ಬರೆದೇ ಉತ್ತರ ಕೊಡಬೇಕು: ಮಾಡಿದ್ದೇವೆ, ಡ್ರೈಡಾಕಿಗೆ (ನೀರು ತೆಗೆದು ಹಡಗು ರಿಪೇರಿ ಮಾಡುವ ಕಟ್ಟೆಗೆ) ಹೋದಾಗ ಮಾಡುತ್ತೇವೆ, ಆಗುವುದಿಲ್ಲ ಯಾಕೆಂದರೆ ಹೀಗೆ. "ಆಗುವುದಿಲ್ಲ" ಅಂದರೂ ನನಗೆ ಬೇಜಾರಿಲ್ಲ. ಸುಮ್ನಿರುವುದೇ ಕಷ್ಟ.

ಬದಲಿ ಭಾಗಗಳ ಬಗ್ಗೆಯೂ ಒಂದು ಮಾತು. 2020ರ ಆಗಸ್ಟಿನಲ್ಲಿ ಹೀಲಿ ಆರ್ಕ್ಟಿಕ್ ಕಡೆ ಹೊರಟಿದ್ದಾಗ ಅಲಾಸ್ಕಾ ಹತ್ತಿರ ಮುಖ್ಯ ಮೋಟಾರಿಗೆ ಬೆಂಕಿ ಬಿತ್ತು. ಆ ವರ್ಷದ ಯಾನ ರದ್ದು. ಅಷ್ಟು ದೊಡ್ಡ ಮೋಟಾರ್ ಅಂಗಡಿಯಲ್ಲಿ ಸಿಗುತ್ತದಾ? ಆದರೆ ಹಡಗು ಕಟ್ಟುವಾಗಲೇ ಒಂದು ಹೆಚ್ಚಿನ ಮೋಟಾರ್ ಮಾಡಿಸಿ ಬಾಲ್ಟಿಮೋರ್‌ನಲ್ಲಿ ಇಟ್ಟಿದ್ದರು. ಇಪ್ಪತ್ತು ವರ್ಷಕ್ಕೂ ಜಾಸ್ತಿ ಅದು ಅಲ್ಲೇ ಮಲಗಿತ್ತು. ಪನಾಮಾ ಕಾಲುವೆ ದಾಟಿಸಿ ತಂದು, ಹಡಗಿನ ಹೊಟ್ಟೆ ಕತ್ತರಿಸಿ ಒಳಗೆ ಕೂರಿಸಿದರು. ಮುಂದಿನ ವರ್ಷ ಹೀಲಿ ವಾಯವ್ಯ ಮಾರ್ಗದಲ್ಲಿ (ಕೆನಡಾದ ಉತ್ತರದ ದ್ವೀಪಗಳ ನಡುವಿನ ಕಡಲ ದಾರಿ) ಹಾದು ಉತ್ತರ ಅಮೆರಿಕವನ್ನು ಒಂದು ಸುತ್ತು ಹಾಕಿ ಬಂತು. "ಇದು ಯಾಕೆ ಬೇಕು, ದುಡ್ಡು ದಂಡ" ಅಂತ ಯಾರಾದರೂ ಆ ಮೋಟಾರನ್ನು ಪಟ್ಟಿಯಿಂದ ತೆಗೆದಿದ್ದರೆ? ನಿಮ್ಮ ಹೊಸ ಹಡಗಿಗೆ ದುಡ್ಡು ಕಡಿಮೆ ಬಿದ್ದಾಗ ಮೊದಲು ಹೋಗುವುದೇ ಇಂಥ ಸಾಲುಗಳು. ಗುಂಪು ಅಲ್ಲಿ ಕಾವಲು ಕೂರಬೇಕು.

ಮೂರನೇ ಕಾವಲು:

ಹಡಗಿನ ಕಡೆಯವನು ನಾನೊಬ್ಬನೇ ಇಲ್ಲಿ ಇದ್ದ ಹಾಗಿದೆ, ಹಾಗಾಗಿ ಎರಡು ಮಾತು. ಇಪ್ಪತ್ತು ವರ್ಷ ಸೇತುವೆಯಲ್ಲಿ ನಿಂತವನು. ನಿಮ್ಮ ಊರಿನ ಸೇತುವೆ ಅಲ್ಲ, ಹಡಗಿನದ್ದು, ಅಂದರೆ ಹಡಗು ನಡೆಸುವ ಕೋಣೆ.

ವಿಜ್ಞಾನಿಗಳು ಒಳ್ಳೆಯವರು. ಆದರೆ "ಇನ್ನೊಂದೇ ಸ್ಟೇಷನ್" (ಹಡಗು ನಿಲ್ಲಿಸಿ ಅಳತೆ ಮಾಡುವ ಜಾಗ) ಅನ್ನುವ ಮಾತು ಕೇಳಿ ಕೇಳಿ ನನ್ನ ಕೂದಲು ಬೆಳ್ಳಗಾಯಿತು. ನಕ್ಷೆಯಲ್ಲಿ ಐದು ಮೈಲಿ ಅಂದರೆ ಏನೂ ಅಲ್ಲ. ಒತ್ತಡದ ಐಸಿನಲ್ಲಿ ಹಿಂದೆ ಹೋಗು, ಗುದ್ದು, ಮತ್ತೆ ಹಿಂದೆ ಹೋಗು, ಮತ್ತೆ ಗುದ್ದು. ಹೀಗೆ ಐದು ಮೈಲಿ ಹೋಗೋಕೆ ಒಂದು ಪಾಳಿ ಪೂರ್ತಿ ಬೇಕಾಗಬಹುದು, ಇಂಧನ ಬೇರೆ ಸುರಿಯುತ್ತಿರುತ್ತದೆ. 2017ರ ಜನವರಿ 1ರಿಂದ ಪೋಲಾರ್ ಕೋಡ್, ಅಂದರೆ ಧ್ರುವದ ಕಡಲಿಗೆ ಹೋಗುವ ಹಡಗುಗಳ ಅಂತರರಾಷ್ಟ್ರೀಯ ನಿಯಮ, ಜಾರಿಯಲ್ಲಿದೆ. ಯಾವ ಹಡಗು ಎಂಥ ಐಸಿಗೆ ಹೋಗಬಹುದು ಅನ್ನುವುದಕ್ಕೆ ಲೆಕ್ಕ ಇದೆ. ಪೋಲಾರ್ ಕ್ಲಾಸ್ 1ರಿಂದ 7ರ ತನಕ, 1 ತುಂಬಾ ಗಟ್ಟಿ, 7 ಬೇಸಿಗೆಯ ತೆಳು ಐಸಿಗೆ. ನಿಮ್ಮ ಗುಂಪು ಏನೇ ಸಲಹೆ ಕೊಡಲಿ, ಐಸಿನ ಮುಂದೆ ಕೊನೆಯ ಮಾತು ಕ್ಯಾಪ್ಟನ್ನಿನದ್ದು. ಇದನ್ನು ಕರಡಲ್ಲಿ ಬರೆದುಬಿಡಿ, ಆಮೇಲೆ ಜಗಳ ಇರುವುದಿಲ್ಲ.

ಗುಂಪಿಂದ ನಮಗೆ ನಿಜವಾಗಿ ಬೇಕಾದದ್ದು ಬೇರೆ. ದಿನ ಕಳೆದುಹೋದರೆ ಯಾರ ಕೆಲಸ ಬಿಡಬೇಕು ಅನ್ನುವುದನ್ನು ಬಂದರು ಬಿಡುವ ಮೊದಲೇ ಬರೆದು ಕೊಡಿ. ದಿನ ಕಳೆದೇ ಕಳೆಯುತ್ತದೆ. 2013ರ ಕ್ರಿಸ್‌ಮಸ್ ಹೊತ್ತಿಗೆ ರಷ್ಯಾದ ಹಡಗು ಅಕಾಡೆಮಿಕ್ ಶೊಕಾಲ್‌ಸ್ಕಿ ಅಂಟಾರ್ಕ್ಟಿಕಾ ಹತ್ತಿರ ಐಸಿನಲ್ಲಿ ಸಿಕ್ಕಿಕೊಂಡಿತು. ಆಸ್ಟ್ರೇಲಿಯಾದ ಅರೋರಾ ಆಸ್ಟ್ರೇಲಿಸ್ ತನ್ನ ನೆಲೆಗೆ ಸಾಮಾನು ಇಳಿಸುತ್ತಿದ್ದದ್ದನ್ನು ಅರ್ಧಕ್ಕೆ ಬಿಟ್ಟು ಓಡಿತು. ಚೀನಾದ ಶುಏಲಾಂಗ್ ತನ್ನ ಹೆಲಿಕಾಪ್ಟರಲ್ಲಿ 52 ಜನರನ್ನು ಎತ್ತಿ ಅರೋರಾಗೆ ಮುಟ್ಟಿಸಿತು, ಆಮೇಲೆ ತಾನೇ ಸಿಕ್ಕಿಕೊಂಡಿತು. ಅಮೆರಿಕದ ಪೋಲಾರ್ ಸ್ಟಾರನ್ನೂ ಕರೆದರು. ಕಡಲಲ್ಲಿ ಯಾರಾದರೂ ಕಷ್ಟದಲ್ಲಿದ್ದರೆ ಹೋಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ದಿನಗಳು ಯಾರದ್ದೋ ವಿಜ್ಞಾನದಿಂದ, ಯಾರದ್ದೋ ಸಾಮಾನಿನಿಂದ ಕಡಿತವಾಗುತ್ತವೆ. ರೇಡಿಯೋದಲ್ಲಿ ಕರೆ ಬಂದ ಮೇಲೆ ಕೂತು ಜಗಳ ಆಡೋಕೆ ಆಗುತ್ತಾ?

ಮೊಸಾಯಿಕ್ ಯಾನವನ್ನೇ ನೋಡಿ. ಜರ್ಮನಿಯ ಪೋಲಾರ್‌ಸ್ಟರ್ನ್ 2019ರ ಶರತ್ಕಾಲದಲ್ಲಿ ಐಸಿಗೆ ಅಂಟಿಕೊಂಡು ಒಂದು ವರ್ಷ ತೇಲಬೇಕು ಅಂತ ಲೆಕ್ಕ. ಕೋವಿಡ್ ಬಂತು, ಜನ ಬದಲಾಯಿಸುವ ಯೋಜನೆಯೆಲ್ಲ ತಲೆಕೆಳಗಾಯಿತು. 2020ರ ಮೇ ತಿಂಗಳಲ್ಲಿ ಹಡಗೇ ಐಸಿನ ಹಾಸು ಬಿಟ್ಟು ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಗಳ ಕಡೆ ಬಂದು ಬೇರೆ ಎರಡು ಹಡಗುಗಳಿಂದ ಜನ, ಸಾಮಾನು ಹತ್ತಿಸಿಕೊಂಡು ವಾಪಸ್ ಹೋಗಬೇಕಾಯಿತು. ಆ ನಡುವೆ ಕೆಲವು ಅಳತೆ ನಿಂತುಹೋದವು. ಹಾಗಿದ್ದರೂ ಯಾನ ಉಳಿಯಿತಲ್ಲ, ಯಾವುದನ್ನು ಬಿಟ್ಟರೂ ನಡೆಯುತ್ತದೆ, ಯಾವುದನ್ನು ಬಿಡಬಾರದು ಅನ್ನುವುದು ಅವರಿಗೆ ಗೊತ್ತಿತ್ತು.

ವಿಂಚ್‌ಮನೆಯವರು ನುಯಿನಾ ಹೊಗಳಿದರು, ಸರಿ. ಅದೇ ನುಯಿನಾ 2023ರಲ್ಲಿ ತನ್ನ ಮನೆಯ ಬಂದರು ಹೋಬಾರ್ಟಿನಲ್ಲಿ ಟ್ಯಾಸ್ಮನ್ ಸೇತುವೆ ಕೆಳಗೆ ಹೋಗೋಕೆ ಅನುಮತಿ ಸಿಗದೆ, ಇಂಧನ ತುಂಬಿಸೋಕೆ ಟ್ಯಾಸ್ಮೇನಿಯಾ ದ್ವೀಪದ ಇನ್ನೊಂದು ತುದಿಯ ಬರ್ನಿ ಬಂದರಿಗೆ ಹೋಗಬೇಕಾಯಿತು. ಕ್ರಿಲ್ ಕೇಳಿದವರನ್ನು ಕೂರಿಸಿ, ಬೇಡ ಅನ್ನುವುದಿಲ್ಲ. ಬಂದರಿನಲ್ಲಿ ಹಡಗಿಗೆ ದಾರಿ ತೋರಿಸುವ ಪೈಲಟ್ ಒಬ್ಬನನ್ನೂ ಪಕ್ಕದಲ್ಲಿ ಕೂರಿಸಿ.

ದಡದವ:

ಪೈಪು, ಬಾಗಿಲು, ಮೋಟಾರು. ಸರಿಯಪ್ಪ, ಅರ್ಧ ಸೋತೆ. ಉಳಿದ ಅರ್ಧ: ಸ್ವಂತ ಹಡಗೇ ಇಲ್ಲದವರು ಏನು ಮಾಡಬೇಕು? ಭಾರತದವರು 1981ರ ಮೊದಲ ಅಂಟಾರ್ಕ್ಟಿಕಾ ಯಾನದಿಂದಲೂ ಬಾಡಿಗೆ ಹಡಗಲ್ಲೇ ಹೋಗುತ್ತಿದ್ದಾರೆ. ಆ ಮೊದಲ ಹಡಗು ನಾರ್ವೆಯದ್ದು. ಧ್ರುವ ಸಂಶೋಧನಾ ಹಡಗನ್ನು ದೇಶದಲ್ಲೇ ಕಟ್ಟಬೇಕು ಅಂತ ಹಡಗು ಕಟ್ಟುವ ಗಾರ್ಡನ್ ರೀಚ್ ಕಂಪನಿ ನಾರ್ವೆಯ ಕಾಂಗ್ಸ್‌ಬರ್ಗ್ ಕಂಪನಿ ಜೊತೆ ಒಪ್ಪಂದ ಮಾಡಿಕೊಂಡದ್ದು 2025ರ ಜೂನಿನಲ್ಲಿ. ಬಾಡಿಗೆ ಹಡಗಿಗೂ ಸಲಹಾ ಗುಂಪಾ?

ವಿಂಚ್‌ಮನೆ:

ಬಾಡಿಗೆ ಹಡಗಿಗೇ ಜಾಸ್ತಿ ಬೇಕು! ಪ್ರತಿ ಸಲ ಹಡಗು ಬೇರೆ ಆದರೆ ನೆನಪು ಹಡಗಲ್ಲಿ ಉಳಿಯುವ ಪ್ರಶ್ನೆಯೇ ಇಲ್ಲ. ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲು ಗುಂಪಿನವರು ಒಬ್ಬರು ಹೋಗಿ ಡೆಕ್ಕಲ್ಲಿ ನಡೆದು ಬರಲಿ. ವಿಂಚಿನ ತಂತಿ ಎಷ್ಟು ಉದ್ದ, ಫ್ರೀಜರ್ ಹಾಕೋಕೆ ಕರೆಂಟು ಎಲ್ಲಿ, ವೋಲ್ಟೇಜ್ ಎಷ್ಟು. ನಾನು ಒಂದು ಯಾನದಲ್ಲಿ 220ರ ಪಂಪನ್ನು 110ಕ್ಕೆ ಹಾಕಿ ಅರ್ಧ ದಿನ ತಲೆ ಕೆರೆದುಕೊಂಡಿದ್ದೇನೆ. ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ.

ಮತ್ತೆ, ಒಂದೇ ಹಡಗಿಗೆ ಒಂದು ಗುಂಪು ಅಂತ ಗೆರೆ ಹಾಕಬೇಡಿ. ಕೆಲವು ಕೆಲಸ ಒಂದು ಹಡಗಿಂದ ಆಗುವುದೇ ಇಲ್ಲ. 2004ರಲ್ಲಿ ಉತ್ತರ ಧ್ರುವದ ಹತ್ತಿರ ನೀರಡಿಯ ಲೊಮೊನೊಸೊವ್ ದಿಣ್ಣೆಯಲ್ಲಿ ಕಡಲ ತಳ ಕೊರೆದರಲ್ಲ, ಅಲ್ಲಿ ಮೂರು ಹಡಗು ಬೇಕಾಯಿತು. ರಷ್ಯಾದ ಅಣುಶಕ್ತಿಯ ಸೊವೆಟ್‌ಸ್ಕಿ ಸೊಯುಜ್ ಎದುರಿಂದ ಬರುವ ದೊಡ್ಡ ಐಸನ್ನು ಒಡೆಯುವುದು, ಸ್ವೀಡನ್ನಿನ ಓಡೆನ್ ಅದನ್ನು ಇನ್ನೂ ಚೂರು ಮಾಡುವುದು, ವಿಡಾರ್ ವೈಕಿಂಗ್ ಅಲುಗಾಡದೆ ನಿಂತು ಕೊರೆಯುವುದು. ಮೂರು ಹಡಗಿನ ಪದ್ಧತಿ, ಮೂರು ಸೇತುವೆ, ಒಂದು ರಂಧ್ರ. ಯುರೋಪಿನವರು 2018ರಲ್ಲಿ ಅರೈಸ್ ಅಂತ ಯೋಜನೆ ಶುರು ಮಾಡಿ ಆರು ಹಡಗುಗಳ ಬಾಗಿಲು ಬೇರೆ ದೇಶದವರಿಗೂ ತೆರೆದರು. ಅದರಲ್ಲಿ ಕೆನಡಾದ ಅಮುಂಡ್‌ಸೆನ್, ಅಲಾಸ್ಕಾದವರು ನಡೆಸುವ ಸಿಕುಲಿಯಾಕ್ ಕೂಡ ಇದ್ದವು. ನಿಮ್ಮ ಹಳೆಯ ಹಡಗು ಕೈಕೊಟ್ಟರೆ ಯಾರ ಬಾಗಿಲು ತಟ್ಟಬೇಕು ಅಂತ ಗೊತ್ತಿರುವವರು ಗುಂಪಲ್ಲಿ ಇರಲಿ.

ಉತ್ತರಕ್ಕೆ ಹೋಗುವ ಹಡಗಾದರೆ ಅಲ್ಲಿ ಜನ ಇದ್ದಾರೆ ಅನ್ನುವುದನ್ನು ಮರೆಯಬೇಡಿ. ಅಲಾಸ್ಕಾದ ಉತ್ಕಿಯಾಗ್‌ವಿಕ್ ಕಡೆ ಶರತ್ಕಾಲದಲ್ಲಿ ಬೋಹೆಡ್ ತಿಮಿಂಗಿಲದ ಬೇಟೆ. ಊರಿಗೆಲ್ಲ ವರ್ಷದ ಊಟ ಅದು. ಐಸ್‌ಬ್ರೇಕರ್ ಸದ್ದಿಗೆ ತಿಮಿಂಗಿಲ ದೂರ ಸರಿದರೆ ದೋಣಿಗಳು ಇನ್ನೂ ಆಳಕ್ಕೆ ಹೋಗಬೇಕು, ಜೀವಕ್ಕೆ ಅಪಾಯ. ಅವರದ್ದೇ ತಿಮಿಂಗಿಲ ಆಯೋಗ 1977ರಿಂದ ಇದೆ. ಯಾನದ ದಾರಿ ಹಾಕುವ ಮೊದಲು ಅವರ ಹತ್ತಿರ ಮಾತಾಡುವುದು ಉಪಕಾರ ಅಲ್ಲ, ಕೆಲಸದ ಭಾಗ. ಆ ಕರಾವಳಿಯವರಿಗೇ ಒಂದು ಕುರ್ಚಿ ಇಡಿ.

ಉಪ್ಪುನೀರು:

ಕರಡು ಮುಗಿಯಿತು. ಎರಡು ಪುಟ ಹೋಗಿ ಮೂರಾಯಿತು. ಹಂಚುವ ಅಧಿಕಾರದ ಸಾಲು ತೆಗೆದೆ. ಒಬ್ಬರು ಮುಖ ಊದಿಸಿಕೊಂಡಿದ್ದಾರೆ. ಬರೆದೇ ಉತ್ತರ ಕೊಡಬೇಕು ಅನ್ನುವ ಸಾಲಿಗೆ ನಡೆಸುವ ಇಲಾಖೆ ಇನ್ನೂ ಒಪ್ಪಿಲ್ಲ. "ಸಾಧ್ಯವಾದಷ್ಟು" ಅಂತ ಸೇರಿಸಿ ಅನ್ನುತ್ತಿದ್ದಾರೆ. ಸೇರಿಸುವುದಿಲ್ಲ ಅಂದಿದ್ದೇನೆ. ನೋಡೋಣ.

ಇನ್ನೊಂದು ವಿಷಯ. ಮೂರನೇ ಕಾವಲು ಅವರ ಮಾತು ಓದಿ ನಾಚಿಕೆಯಾಯಿತು. ಪೈಪಿನ ಬಗ್ಗೆ ನಾನು ವರದಿ ಬರೆದೆ, ಹಡಗಿನವರನ್ನು ನೇರವಾಗಿ ಒಮ್ಮೆಯೂ ಕೇಳಿರಲಿಲ್ಲ. ನಿನ್ನೆ ಹಳೆಯ ಹಡಗಿನ ಇಂಜಿನಿಯರಿಗೆ ಫೋನ್ ಮಾಡಿದೆ. ಅವರಿಗೆ ಈ ಕಥೆ ಯಾರೂ ಹೇಳೇ ಇರಲಿಲ್ಲವಂತೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ತಳದ ಹತ್ತಿರ ಇನ್ನೊಂದು ಬಾಯಿ ಇದೆಯಲ್ಲಮ್ಮಾ, ಅಷ್ಟು ಆಳಕ್ಕೆ ಐಸ್ ಚೂರು ಕಡಿಮೆ ಬರುತ್ತದೆ. ವಾಲ್ವ್ ಮುಚ್ಚಿಟ್ಟಿದ್ದೇವೆ, ಯಾರೂ ಕೇಳಲಿಲ್ಲ ಅಂತ" ಅಂದರು.

ಒಂಬತ್ತು ದಿನ!

ವಿಂಚ್‌ಮನೆ:

ವಾಲ್ವ್ ನಂಬರ್ ಬರೆದುಕೊಂಡಿರಾ?

ಉಪ್ಪುನೀರು:

ಬರೆದುಕೊಂಡೆ. ಕರಡಿನ ಕೊನೆಗೆ ಅಂಟಿಸಿದ್ದೇನೆ.